ವ್ಯಾಸವೋ, ಒಳಹೊಗುವ ಬಲವೋ: ದೊಡ್ಡ ಬೇಟೆಯ ತೋಟಾ ಕುರಿತು

ದೊಡ್ಡ ಪ್ರಾಣಿಗೆ ದಪ್ಪ ಗುಂಡೇ ಬೇಕೆಂಬ ನಂಬಿಕೆಗೆ ಕಪ್ಪು ಮದ್ದಿನ ಕಾಲದಲ್ಲಿ ಆಧಾರವಿತ್ತು. ಆ ಮದ್ದಿನಿಂದ ಗುಂಡಿಗೆ ಸಿಗುವ ವೇಗಕ್ಕೆ ಮಿತಿಯಿತ್ತು; ಪೆಟ್ಟು ಬಲವಾಗಬೇಕಾದರೆ ತೂಕವನ್ನೇ ಏರಿಸಬೇಕಿತ್ತು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಆನೆಗೆ ಹಿಡಿದದ್ದು ಇಂಥ ಭಾರಿ ಬೋರಿನ ಕೋವಿಗಳನ್ನೇ.

ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದು ಈ ಲೆಕ್ಕ ತಲೆಕೆಳಗಾಯಿತು. 1898ರ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾ 31 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 655 ಮೀಟರ್ ವೇಗದಲ್ಲಿ ಚಿಮ್ಮಿಸುತ್ತಿತ್ತು. ಆದರೆ ಮಾರ್ಟಿನಿ-ಹೆನ್ರಿ ಬಂದೂಕುಗಳಿದ್ದ ದಂಗೆಕೋರರಿಗೆ ಅದೇ ವ್ಯಾಸದ ಗುಂಡು ದಕ್ಕೀತೆಂಬ ಭಯದಿಂದ ಬ್ರಿಟಿಷ್ ಸರ್ಕಾರ 1907ರ ಸುಮಾರಿಗೆ ಭಾರತದಲ್ಲಿ .450ನ್ನು ನಿಷೇಧಿಸಿತು. .465, .470, .475 ತೋಟಾಗಳು ಹುಟ್ಟಿದ್ದು ಈ ನಿಷೇಧದ ಬೆನ್ನಿಗೆ. ಆನೆ ಇದ್ದಂತೆಯೇ ಇತ್ತು, ಬದಲಾದದ್ದು ಕಾನೂನು.

ವ್ಯಾಸದ ಮೇಲಿನ ನಂಬಿಕೆಯನ್ನು ಅಲುಗಿಸಿದವರು ಬೇಟೆಗಾರ ಡಬ್ಲ್ಯೂ.ಡಿ.ಎಂ. ಬೆಲ್. ಆಫ್ರಿಕಾದಲ್ಲಿ ಅವರು ಕೊಂದ ಸಾವಿರಕ್ಕೂ ಮಿಕ್ಕ ಆನೆಗಳಲ್ಲಿ ಹೆಚ್ಚಿನವು ಬಿದ್ದದ್ದು 7 ಮಿ.ಮೀ. ತೋಟಾಕ್ಕೆ. ಅದರ 11.2 ಗ್ರಾಂ ಗುಂಡಿನ ಶಕ್ತಿ .450ರ ಅರ್ಧಕ್ಕಿಂತಲೂ ಕಡಿಮೆ. ಹಾಗಾದರೆ ಅದು ಆನೆಯ ತಲೆಬುರುಡೆಯನ್ನು ದಾಟಿದ್ದು ಹೇಗೆ? ಒಳಹೊಗುವ ಬಲವನ್ನು ಅಂದಾಜಿಸಲು ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಪೌಂಡು-ಅಂಗುಲಗಳ ಲೆಕ್ಕದಲ್ಲಿ 7 ಮಿ.ಮೀ.ಗೆ 0.306, .450ಕ್ಕೆ 0.327 ಬರುತ್ತದೆ. ಅಂತರ ಅಲ್ಪ. ಉದ್ದನೆಯ, ಗಟ್ಟಿ ಲೋಹದ ಕವಚದ ಗುಂಡು ಹಿಗ್ಗದೆ, ದಾರಿ ತಪ್ಪದೆ ಮಿದುಳಿನವರೆಗೆ ಸಾಗುತ್ತಿತ್ತು. ಮಿದುಳಿರುವ ಜಾಗ ತಿಳಿಯಲು ಬೆಲ್ ಆನೆಯ ಬುರುಡೆಯನ್ನೇ ಗರಗಸದಿಂದ ಸೀಳಿ ನೋಡಿದ್ದರು.

ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತರಾದ ಕೆನೆತ್ ಆಂಡರ್ಸನ್ ಅವರ .405 ವಿಂಚೆಸ್ಟರ್‌ಗೆ ಇದೇ ಲೆಕ್ಕ ಹಾಕಿದರೆ 300 ಗ್ರೇನ್ ಗುಂಡಿಗೆ ಸಿಗುವುದು 0.254 ಮಾತ್ರ. ಒಳಹೊಕ್ಕು ಅರಳುವ ಅಂಥ ಗುಂಡು ಹುಲಿ, ಚಿರತೆಗೆ ತಕ್ಕದ್ದು. ಆನೆಯ ಬುರುಡೆಗೆ ಅದನ್ನು ನೆಚ್ಚಲಾಗದು.

ಹಾಗೆಂದು ಬೆಲ್ ಅವರ ದಾರಿ ಎಲ್ಲರದ್ದಲ್ಲ. ಗುರಿ ಗೇಣು ತಪ್ಪಿದರೆ ಸಣ್ಣ ಗುಂಡು ಪ್ರಾಣಿಯನ್ನು ಕೊಲ್ಲದೆ ನರಳಿಸುತ್ತದೆ, ಗಾಯಗೊಂಡ ಆನೆ ಮನುಷ್ಯರ ಮೇಲೆ ಬೀಳುತ್ತದೆ. ದಪ್ಪ ಗುಂಡು, ಸಣ್ಣ ಗುಂಡು ಇವೆರಡರ ನಡುವಿನ ಸಮಂಜಸ ಆಯ್ಕೆ, ನನ್ನ ದೃಷ್ಟಿಯಲ್ಲಿ, 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂ: ಮೇಲಿನ ಲೆಕ್ಕದಲ್ಲಿ ಅದರ 300 ಗ್ರೇನ್ ಗುಂಡಿನ ಅಂಕ 0.305, ಶಕ್ತಿಯೋ 7 ಮಿ.ಮೀ.ಗಿಂತ ಬಹಳ ಹೆಚ್ಚು. ಅಪಾಯಕಾರಿ ಪ್ರಾಣಿಗಳ ಬೇಟೆಗೆ ಆಫ್ರಿಕಾದ ಹಲವು ದೇಶಗಳು ಕನಿಷ್ಠ ಮಿತಿಯಾಗಿ ಇಂದಿಗೂ ಇಟ್ಟುಕೊಂಡಿರುವುದು .375 ವ್ಯಾಸವನ್ನೇ.