ಅತಿಭಾರಾರೋಪಣ ಮತ್ತು ಕೋಯಿ ಮೀನು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಅತಿಭಾರವೆಂದರೆ ಎತ್ತು ಕತ್ತೆಗಳ ಬೆನ್ನಿನ ಹೊರೆಯೆಂದು ಅರ್ಥೈಸುವುದು ವಾಡಿಕೆ. ಪ್ರಾಣಿಯ ದೇಹವನ್ನೇ ಅದಕ್ಕೆ ಹೊರೆಯಾಗಿಸಿದ ನಿದರ್ಶನ ಕೋಯಿ ಮೀನಿನ ಇತಿಹಾಸದಲ್ಲಿದೆ.

ಜಪಾನಿನ ನೀಗಾಟ ಪ್ರಾಂತದ ರೈತರು ಆಹಾರಕ್ಕೆಂದು ಸಾಕುತ್ತಿದ್ದ ಗೆಂಡೆ ಮೀನುಗಳಲ್ಲಿ 19ನೆಯ ಶತಮಾನದ ಆರಂಭದಲ್ಲಿ ಬಣ್ಣದ ಮರಿಗಳು ಕಾಣಿಸಿಕೊಂಡವು. 1914ರ ಟೋಕಿಯೋ ಪ್ರದರ್ಶನದಿಂದ ಅವು ಪ್ರಸಿದ್ಧಿಗೆ ಬಂದವು. ಮುಂದೆ ಸ್ಪರ್ಧೆಗಳಲ್ಲಿ ಬಣ್ಣದೊಡನೆ ಗಾತ್ರಕ್ಕೂ ಮನ್ನಣೆ ದೊರೆಯಿತು. 2018ರಲ್ಲಿ ಹಿರೋಶಿಮಾದ ಹರಾಜಿನಲ್ಲಿ ಸುಮಾರು ಒಂದು ಮೀಟರ್ ಉದ್ದದ ಮೀನೊಂದು 20.3 ಕೋಟಿ ಯೆನ್‌ಗೆ ಮಾರಾಟವಾಯಿತು.

ಬೆಚ್ಚನೆಯ ನೀರಿನಲ್ಲಿಟ್ಟು ಮಿತಿಮೀರಿ ಪುಷ್ಟಿ ಆಹಾರವಿತ್ತು ಬೆಳೆಸಿದ ಮೀನಿನ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ದೊಡ್ಡ ಹೆಣ್ಣುಮೀನುಗಳಲ್ಲಿ ಮೊಟ್ಟೆ ಹೊರಬಾರದೆ ಹೊಟ್ಟೆ ಊದುವುದೂ ಅಂಡಾಶಯದಲ್ಲಿ ಗಡ್ಡೆ ಬೆಳೆಯುವುದೂ ಉಂಟು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಚಿತ್ರದುರ್ಗದಂತಹ ಬಿಸಿಲುನಾಡಿನ ಕಿರುಕೊಳದಲ್ಲಿ ದೊಡ್ಡ ಮೀನಿಗೆ ಉಸಿರಾಟವೇ ಕಷ್ಟ. ಇನ್ನು ಆಯ್ಕೆಗೆ ನಿಲ್ಲದ ಮರಿಗಳಲ್ಲಿ ಬಹುಪಾಲನ್ನು ಎಳೆತನದಲ್ಲೇ ಕೊಲ್ಲಲಾಗುತ್ತದೆ. ಇಲ್ಲಿ ಅನ್ನನಿರೋಧವಿಲ್ಲ, ಅನ್ನವೇ ಭಾರವಾಗಿದೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಹಿಡಿಯದೆ, ಹರಿಯುವ ನೀರಿನಲ್ಲಿಯೇ ಕಾಪಾಡುವ ಪದ್ಧತಿಯಿದೆ. ಅದು ಅಭಯದಾನಕ್ಕೆ ಸಮೀಪವಾದುದು. ಬಸದಿಯ ಕೊಳದ ಶೋಭೆಗೆಂದು ಕೋಯಿಯನ್ನು ಕೊಂಡುತರುವ ಮುನ್ನ ಆಡಳಿತ ಮಂಡಳಿಗಳೂ ಶ್ರಾವಕರೂ ಈ ಭೇದವನ್ನು ವಿವೇಚಿಸಬೇಕು.