ದಂಡಿ ಪಟ್ಟಿಯ ‘ಮಹಾದೇವ ಮಾರ್ತಾಂಡ’ ಯಾರು? ಹಳೇ ದಾಖಲೆಯಲ್ಲಿ ನಮ್ಮವರನ್ನ ಹುಡುಕೋ ದಾರಿ

ಇವತ್ತಿನ ಎಪಿಸೋಡ್ ಒಂದು ಹೆಸರಿನ ಬಗ್ಗೆ.

1930ರ ಮಾರ್ಚ್ 12. ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಗೆ ಹೊರಟ ದಿನ. 24 ದಿನ, ಸುಮಾರು 390 ಕಿಲೋಮೀಟರ್ ನಡಿಗೆ. ಅವರ ಜೊತೆ ಹೊರಟವರ ಪಟ್ಟಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಯ್ತು. 78 ಜನ, ಪ್ರಾಂತ್ಯವಾರು ವಿಂಗಡಣೆ. ಎಲ್ಲಕ್ಕಿಂತ ಹೆಚ್ಚು ಜನ ಗುಜರಾತಿನವರು. ಕರ್ನಾಟಕದಿಂದ ಒಬ್ಬರೇ ಒಬ್ಬರು.

ಆ ಒಬ್ಬರು ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಶಾಲೆಯಲ್ಲಿ ಓದಿರ್ತೀರಿ. ಹಾವೇರಿಯಲ್ಲಿ ರೈಲು ಹತ್ತಿದ್ರೆ ಸ್ಟೇಷನ್ನಿಗೂ ಅವರದೇ ಹೆಸರು. ಆದ್ರೆ ಆ 78 ಹೆಸರನ್ನ ಒಂದೊಂದಾಗಿ ಓದ್ರಿ. ‘ಮೈಲಾರ’ ಅನ್ನೋ ಪದ ಎಲ್ಲೂ ಸಿಗಲ್ಲ. ‘ಮಹಾದೇವಪ್ಪ’ ಕೂಡ ಸಿಗಲ್ಲ. ಸಿಗೋದು ‘ಮಹಾದೇವ ಮಾರ್ತಾಂಡ, ವಯಸ್ಸು 18’.

ಯಾರ್ರೀ ಇವರು?

ನಾನು ಓದಿದ್ದು ಬಿ.ಕಾಂ. ಇತಿಹಾಸದ ಡಿಗ್ರಿ ನನ್ನ ಹತ್ರ ಇಲ್ಲ. ಆದ್ರೆ ಕಾಮರ್ಸ್‌ನಾಗೆ ಒಂದು ಕೆಲಸ ಕಲಿಸ್ತಾರೆ: ಬ್ಯಾಂಕ್ ರಿಕನ್ಸಿಲಿಯೇಷನ್. ನಿಮ್ಮ ಪುಸ್ತಕದಾಗೆ ಒಂದು ಎಂಟ್ರಿ, ಬ್ಯಾಂಕ್ ಪಾಸ್‌ಬುಕ್‌ನಾಗೆ ಇನ್ನೊಂದು. ಬರೆದ ರೀತಿ ಬೇರೆ, ದುಡ್ಡು ಒಂದೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ಟಿಕ್ ಹಾಕ್ತಾ ಹೋಗಬೇಕು. ಈ ಹೆಸರಿಗೂ ಹಂಗೇ ಮಾಡೋಣ.

ಮೊದಲು ವಯಸ್ಸು. ಮಹಾದೇವಪ್ಪನವರು ಹುಟ್ಟಿದ್ದು 1911ರ ಜೂನ್ 8ಕ್ಕೆ. 1930ರ ಮಾರ್ಚ್ 12ಕ್ಕೆ ಅವರಿಗೆ 18 ವರ್ಷ 9 ತಿಂಗಳು. ಟಿಕ್.

ಎರಡನೇದು ಪ್ರಾಂತ್ಯ. ಪಟ್ಟಿಯಲ್ಲಿ ‘ಕರ್ನಾಟಕ’ ಅಂತ ಇದೆ. ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲವಲ್ಲ, ನಾವು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ವಿ ಅಂತೀರಾ? ಸರಿ. ಆದ್ರೆ 1920ರ ನಾಗಪುರ ಅಧಿವೇಶನದ ನಂತರ ಕಾಂಗ್ರೆಸ್ ತನ್ನ ಪ್ರಾಂತ್ಯ ಸಮಿತಿಗಳನ್ನ ಭಾಷೆಯ ಮೇಲೆ ಮಾಡಿಕೊಂಡಿತ್ತು. ಸರ್ಕಾರದ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ಕಾಗದದಲ್ಲಿ ಇತ್ತು. ಟಿಕ್. ಅಂದಹಾಗೆ, ಈಗ ಇಂಟರ್ನೆಟ್‌ನಲ್ಲಿ ಓಡಾಡೋ ಪಟ್ಟಿಗಳಲ್ಲಿ ಇದೇ ಹೆಸರಿನ ಮುಂದೆ ‘ಮೈಸೂರು’ ಅಂತ ಸೇರಿಸಿರೋದೂ ಉಂಟು. ಮೋಟೆಬೆನ್ನೂರು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಹೆಸರೂ ಬೇರೆ, ಊರೂ ಬೇರೆ ಕಂಡ್ರೆ ಹುಡುಕೋ ಹುಡುಗ ಏನು ಮಾಡ್ತಾನೆ? ‘ಇವರಲ್ಲ ಬಿಡು’ ಅಂತ ಮುಂದಕ್ಕೆ ಸ್ಕ್ರಾಲ್ ಮಾಡ್ತಾನೆ.

ಮೂರನೇದು, ಎಲ್ಲಕ್ಕಿಂತ ಗಟ್ಟಿ. ಮಹಾದೇವಪ್ಪನವರ ತಾಯಿ ಬಸಮ್ಮ, ತಂದೆ ಮಾರ್ತಾಂಡಪ್ಪ. ಸಿಕ್ತಲ್ಲ! ‘ಮಾರ್ತಾಂಡ’ ಅಡ್ಡಹೆಸರಲ್ಲ, ಅಪ್ಪನ ಹೆಸರು. ಗುಜರಾತಿ, ಮರಾಠಿ ರೂಢಿಯಲ್ಲಿ ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಮನೆತನ. ಗಾಂಧೀಜಿಯನ್ನೇ ನೋಡ್ರಿ: ಮೋಹನದಾಸ ಕರಮಚಂದ ಗಾಂಧಿ. ಕರಮಚಂದ ಅವರ ಅಪ್ಪ. ಕೊನೇ ಪದ ತೆಗೆದುಬಿಟ್ರೆ ‘ಮೋಹನದಾಸ ಕರಮಚಂದ’ ಉಳಿಯುತ್ತೆ, ಗಾಂಧಿ ಕಾಣೆ. ನಮ್ಮ ಮಹಾದೇವಪ್ಪನಿಗೆ ಆಗಿದ್ದೂ ಅದೇ. ಮನೆತನದ ‘ಮೈಲಾರ’ ಬಿದ್ದುಹೋಯ್ತು. ಎರಡು ಹೆಸರಿನ ‘ಅಪ್ಪ’ನೂ ಉದುರಿತು.

ಇನ್ನೊಂದು ಮಜಾ ಹೇಳ್ತೀನಿ. ಮೈಲಾರಲಿಂಗ ನಮ್ಮ ಕಡೆ ಎಷ್ಟೋ ಮನೆಯ ದೇವರು. ದೇವರಗುಡ್ಡಕ್ಕೆ, ಹಡಗಲಿ ಕಡೆಯ ಮೈಲಾರಕ್ಕೆ ಜಾತ್ರೆಗೆ ಹೋಗದವರು ಕಡಿಮೆ. ಅದೇ ದೇವರನ್ನ ಮಹಾರಾಷ್ಟ್ರದಲ್ಲಿ ಖಂಡೋಬಾ ಅಂತಾರೆ, ಮಾರ್ತಾಂಡ ಭೈರವ ಅಂತಾನೂ ಕರೀತಾರೆ. ಅಂದ್ರೆ ಮನೆತನದ ಹೆಸರೂ ಅಪ್ಪನ ಹೆಸರೂ ಒಂದೇ ದೇವರದು! ಇದು ಗೊತ್ತಿರೋ ನಮ್ಮೂರ ಅಜ್ಜಿಗೆ ‘ಮಾರ್ತಾಂಡ’ ಅಂದ ತಕ್ಷಣ ಮೈಲಾರ ನೆನಪಾಗುತ್ತೆ. ಸರ್ಚ್ ಬಾಕ್ಸಿಗೆ ಆಗಲ್ಲ.

ಆ ಹುಡುಗ ಮುಂದೆ ಏನಾದ ಅನ್ನೋದು ಗೊತ್ತಿರಬೇಕು. 1942ರ ಚಲೇಜಾವ್ ಚಳವಳಿಯಲ್ಲಿ ಮಹಾದೇವಪ್ಪನವರು ನಮ್ಮ ಭಾಗದ ಮುಂದಾಳು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳೋಕೆ ಹೋದಾಗ ಗುಂಡಿಗೆ ಬಲಿಯಾದರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಪ್ರಾಣ ಕೊಟ್ಟರು. ಮಹಾದೇವಪ್ಪನವರಿಗೆ ಆಗಿನ್ನೂ 32 ತುಂಬಿರಲಿಲ್ಲ. 2018ರಲ್ಲಿ ಅಂಚೆ ಇಲಾಖೆ ಅವರ ಸ್ಟಾಂಪ್ ತಂತು.

ಇಷ್ಟು ಹೆಸರಾದವರದೇ ಈ ಕಥೆ. ಪುಸ್ತಕ ಬಂದವು, ಸ್ಮಾರಕ ಆಯ್ತು, ಹಂಗಾಗಿ ‘ಮಹಾದೇವ ಮಾರ್ತಾಂಡ’ ಯಾರು ಅಂತ ಇವತ್ತು ಹೇಳಬಹುದು. ಸ್ಮಾರಕ ಆಗದವರು? ನಿಮ್ಮ ಮುತ್ತಜ್ಜ, ನಮ್ಮ ಮುತ್ತಜ್ಜ?

ನಮ್ಮ ಮನೇದೇ ಹೇಳ್ತೀನಿ. ನಮ್ಮ ಮುತ್ತಜ್ಜನ ಹೆಸರು ಹಳೇ ಜಮೀನು ಪತ್ರದಲ್ಲಿ ‘ಅಪ್ಪ’ ಸಮೇತ ಇದೆ. ಅವರ ಮಗನ ಶಾಲಾ ದಾಖಲೆಯಲ್ಲಿ ‘ಅಪ್ಪ’ ಇಲ್ಲ. ಮೂರನೇ ಕಾಗದದಲ್ಲಿ ಮನೆತನದ ಹೆಸರೇ ಮುಂದಕ್ಕೆ ಬಂದು ಕೂತಿದೆ. ವಾರಸಾ ಮಾಡಿಸೋಕೆ ಹೋದಾಗ ‘ಈ ಮೂವರೂ ಒಬ್ಬರೇ ಅಂತ ಅಫಿಡವಿಟ್ ತನ್ರಿ’ ಅಂದ್ರು. ಎಷ್ಟು ಮನೆಯಲ್ಲಿ ಇದೇ ಪಜೀತಿ ಇದೆ ಅನ್ನೋದು ನಿಮಗೇ ಗೊತ್ತು. ಸತ್ತವರ ಒಂದು ‘ಅಪ್ಪ’ ಉದುರಿದ್ರೆ ಬದುಕಿದ್ದವರ ಹೊಲ ಸಿಕ್ಕಿಹಾಕ್ಕೊಳ್ಳುತ್ತೆ.

ಯಾಕೆ ಹಿಂಗೆ? ಹಳೇ ದಾಖಲೆಯಲ್ಲಿರೋ ಹೆಸರು ಆ ಮನುಷ್ಯ ತಾನೇ ಬರೆದಿದ್ದಲ್ಲ. ಗುಮಾಸ್ತ ಕೇಳಿದ್ದು, ತನ್ನ ಲಿಪಿಯಲ್ಲಿ ಬರೆದಿದ್ದು. ನಮ್ಮ ಭಾಗದಲ್ಲಿ ಮರಾಠರ ಆಳ್ವಿಕೆಯ ಕಾಲದಿಂದ ಲೆಕ್ಕಪತ್ರಕ್ಕೆ ಮೋಡಿ ಲಿಪಿ ಬಳಕೆಯಲ್ಲಿತ್ತು. ಅದರಲ್ಲಿ ‘ಇ’ ಮತ್ತು ‘ಈ’ಗೆ, ‘ಉ’ ಮತ್ತು ‘ಊ’ಗೆ ಬೇರೆ ಬೇರೆ ಗುರುತಿಲ್ಲ. ಆಮೇಲೆ ಇಂಗ್ಲಿಷ್ ಬಂತು, ಧಾರವಾಡ ‘ಧಾರ್ವಾರ್’ ಆಯ್ತು, ಹುಬ್ಬಳ್ಳಿ ‘ಹುಬ್ಲಿ’ ಆಯ್ತು. ನಮ್ಮ ಬ್ಯಾಡಗಿಯನ್ನೇ ನೋಡ್ರಿ, ಮುಂಬೈ ಅಂಗಡಿಯಲ್ಲಿ ನಮ್ಮ ಮೆಣಸಿನಕಾಯಿ ‘ಬೇಡ್ಗಿ ಮಿರ್ಚಿ’. ಕಾಯಿ ಅದೇ, ಬಣ್ಣ ಅದೇ.

ಹಂಗಾದ್ರೆ ಹುಡುಕೋದು ಹೆಂಗೆ? ನಾಲ್ಕು ಮಾತು.

ಒಂದು, ಕಾಗುಣಿತ ಹಿಡ್ಕೊಂಡು ಹುಡುಕಬ್ಯಾಡ್ರಿ. ‘ಅಪ್ಪ’ ತೆಗೆದು ಹುಡುಕ್ರಿ, ಮನೆತನ ತೆಗೆದು ಹುಡುಕ್ರಿ, ಹಿಂದೆ ಮುಂದೆ ಮಾಡಿ ಹುಡುಕ್ರಿ.

ಎರಡು, ಅಪ್ಪನ ಹೆಸರು ಇಟ್ಕೊಳ್ರಿ. ಮಹಾದೇವ ಅನ್ನೋರು ಸಾವಿರ ಜನ. ಮಾರ್ತಾಂಡಪ್ಪನ ಮಗ, 18 ವರ್ಷದ ಮಹಾದೇವ ಅಷ್ಟು ಜನ ಇರಲ್ಲ.

ಮೂರು, ಆ ಕಾಲದ ಗಡಿ ನೋಡ್ರಿ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. 1956ರವರೆಗೆ ನಾವು ಮುಂಬೈ ಕಡೆ. ಅದಕ್ಕೂ ಹಿಂದೆ, 1884ರ ಧಾರವಾಡ ಗ್ಯಾಝೆಟಿಯರ್ ತೆಗೆದ್ರೆ ಹಾವೇರಿ ಇರೋದು ಕರಜಗಿ ತಾಲೂಕಿನಲ್ಲಿ, ಹಿರೇಕೆರೂರು ಕೋಡ ತಾಲೂಕಿನಲ್ಲಿ. ‘ಹಾವೇರಿ ತಾಲೂಕು’ ಅಂತ ಹುಡುಕಿದ್ರೆ ಬರಿಗೈ. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ಕಚೇರಿ ಇದೆ, ಹಳೇ ತಾಲೂಕಿನ ಹೆಸರು ತಿಳ್ಕೊಂಡೇ ಹೋಗ್ರಿ.

ನಾಲ್ಕು, ಹೆಣ್ಣುಮಕ್ಕಳನ್ನ ಹುಡುಕೋದು ಇನ್ನೂ ಕಷ್ಟ. ಮಹಾದೇವಪ್ಪನವರ ಹೆಂಡತಿ ಸಿದ್ದಮ್ಮ ತಾವೂ ಚಳವಳಿಗೆ ಇಳಿದವರು, ಜೈಲು ಕಂಡವರು. ಆದ್ರೆ ಹಳೇ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ‘ಕೋಂ’ ಅಂತ ಹಾಕಿ ಗಂಡನ ಹೆಸರು ಬರೀತಿದ್ರು. ಎಷ್ಟೋ ಕಡೆ ಅವರ ಸ್ವಂತ ಹೆಸರೂ ಇರಲ್ಲ, ಇಂಥವರ ಹೆಂಡತಿ ಅಂತಷ್ಟೇ. ಮೊದಲು ಗಂಡನ್ನ ಹುಡುಕಿ, ಅಲ್ಲಿಂದ ಅವರನ್ನ ಹುಡುಕಬೇಕು.

ಸಿಕ್ಕ ಮೇಲೂ ಒಂದೇ ಟಿಕ್ಕಿಗೆ ಕುಣಿಯಬ್ಯಾಡ್ರಿ. ವಯಸ್ಸು, ಅಪ್ಪ, ಊರು, ಮೂರೂ ಕೂಡಿದ್ರೆ ನಂಬ್ರಿ. ಬರೀ ಹೆಸರು ಕೂಡಿದ್ರೆ ಅದು ಬೇರೆಯವರ ಅಜ್ಜ ಇರಬಹುದು.

ಇವೆಲ್ಲಕ್ಕೂ ಬೇಕಾದ ಮಾಹಿತಿ ಇನ್ನೂ ಕೆಲವರ ತಲೆಯಲ್ಲಿ ಮಾತ್ರ ಇದೆ. ನಿಮ್ಮ ಮನೇಲಿ 80 ದಾಟಿದವರು ಯಾರಾದ್ರೂ ಇದ್ರೆ ಇವತ್ತೇ ಫೋನ್ ರೆಕಾರ್ಡರ್ ಆನ್ ಮಾಡ್ರಿ. ಅವರ ಅಜ್ಜನ ಹೆಸರು, ಅಜ್ಜನ ಅಪ್ಪನ ಹೆಸರು, ಊರಲ್ಲಿ ಕರೀತಿದ್ದ ಹೆಸರು, ಹೊಲಕ್ಕಿದ್ದ ಹೆಸರು ಕೇಳ್ರಿ. ‘ಮಾರ್ತಾಂಡಪ್ಪ’ ಅನ್ನೋ ಒಂದು ಪದ ಮರೆತುಹೋಗಿದ್ರೆ, ದಂಡಿ ಪಟ್ಟಿಯ ಆ ಸಾಲಿನಲ್ಲಿ ಮೋಟೆಬೆನ್ನೂರಿನ ಹುಡುಗ ಇದ್ದಾನೆ ಅಂತ ತೋರಿಸೋದು ಬಹಳ ಕಷ್ಟ ಆಗ್ತಿತ್ತು.

ನಿಮ್ಮ ಮನೆ ಕಾಗದದಲ್ಲಿ ಯಾರ ಹೆಸರು ಏನೇನಾಗಿದೆ, ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.