ಲಿಸ್ಪ್‌ನಲ್ಲಿ ಇಂಡೆಂಟೇಶನ್ ಆಧಾರಿತ ಬರಹಕ್ರಮ

ಲಿಸ್ಪ್ ಕುಟುಂಬದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆವರಣಗಳ ಬದಲು ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗದಿಂದ ಕೋಡ್‌ನ ರಚನೆಯನ್ನು ಸೂಚಿಸುವ ಪದ್ಧತಿ. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದ ಲಿಸ್ಪ್‌ನಲ್ಲಿ ಕೋಡ್ ಮತ್ತು ದತ್ತಾಂಶ ಎರಡನ್ನೂ ಆವರಣದೊಳಗಿನ ಪಟ್ಟಿಯಾಗಿಯೇ ಬರೆಯಲಾಗುತ್ತದೆ. ಕೋಡ್‌ಗೆ ಚೌಕಾವರಣ ಬಳಸುವ ‘ಎಂ-ಎಕ್ಸ್‌ಪ್ರೆಶನ್’ ಎಂಬ ರೂಪವೂ ಮೊದಲಿಗೆ ಯೋಜನೆಯಲ್ಲಿತ್ತು. ಅದು ಬಳಕೆಗೆ ಬರಲಿಲ್ಲ. ಖಾಲಿ ಜಾಗಕ್ಕೆ ಅರ್ಥ ಕೊಡುವ ನಿಯಮವನ್ನು ಕಂಪ್ಯೂಟರ್ ವಿಜ್ಞಾನಿ ಪೀಟರ್ ಲ್ಯಾಂಡಿನ್ 1966ರಲ್ಲಿ ವಿವರಿಸಿದರು.

ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆಯ ‘ಎಸ್‌ಆರ್‌ಎಫ್‌ಐ’ ಎಂಬ ಪ್ರಸ್ತಾವಗಳ ಸರಣಿಯಲ್ಲಿ ಇಂಥ ಬರಹಕ್ರಮದ ಮೂರು ಪ್ರಸ್ತಾವಗಳಿವೆ: ಎಸ್‌ಆರ್‌ಎಫ್‌ಐ 49, ‘ಸ್ವೀಟ್-ಎಕ್ಸ್‌ಪ್ರೆಶನ್’ ಎನಿಸಿದ ಎಸ್‌ಆರ್‌ಎಫ್‌ಐ 110 (2013) ಮತ್ತು ‘ವಿಸ್ಪ್’ ಎಂಬ ಎಸ್‌ಆರ್‌ಎಫ್‌ಐ 119 (2015). ಇವುಗಳಲ್ಲಿ ಹೆಚ್ಚು ಒಳಸರಿದ ಸಾಲು ಮೇಲಿನ ಸಾಲಿನ ಒಳಪಟ್ಟಿಯಾಗುತ್ತದೆ. ಉದಾಹರಣೆಗೆ, (+ 2 (* 3 4)) ಎಂಬುದನ್ನು ಹೀಗೆ ಬರೆಯಬಹುದು:

+ 2
  * 3 4

ಎರಡರ ಫಲವೂ 14. ವಿಸ್ಪ್‌ನಲ್ಲಿ ಇದನ್ನೇ ವಿವರಣ ಚಿಹ್ನೆ ಬಳಸಿ + 2 : * 3 4 ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಒಂದೇ ಪದವಿರುವ ಸಾಲನ್ನು ವಿಸ್ಪ್ ಫಂಕ್ಷನ್ ಕರೆಯೆಂದು ಭಾವಿಸುತ್ತದೆ. ಹಾಗಾಗಬಾರದೆಂದರೆ ಸಾಲಿನ ಮೊದಲಿಗೆ ಚುಕ್ಕಿ ಇಡಬೇಕು. ಉಳಿದೆರಡರಲ್ಲಿ ಅಂಥ ಪದ ಪದವಾಗಿಯೇ ಉಳಿಯುತ್ತದೆ.

ಓದುವ ಹಂತದಲ್ಲೇ ಈ ಬರಹ ಮಾಮೂಲಿ ಪಟ್ಟಿಗಳಾಗಿ ಬದಲಾಗುವುದರಿಂದ ಲಿಸ್ಪ್‌ನ ಮ್ಯಾಕ್ರೋಗಳಿಗೆ ಧಕ್ಕೆಯಿಲ್ಲ. ಆದರೆ ನಕಲು ಮಾಡುವಾಗ ಖಾಲಿ ಜಾಗ ಏರುಪೇರಾದರೆ ಅರ್ಥವೇ ಬದಲಾಗುತ್ತದೆ. ಆವರಣಗಳನ್ನು ತಾವೇ ಹೊಂದಿಸುವ ಎಡಿಟರ್‌ಗಳೂ ಇರುವುದರಿಂದ ಲಿಸ್ಪ್ ಬಳಕೆದಾರರಲ್ಲಿ ಹೆಚ್ಚಿನವರು ಹಳೆಯ ಕ್ರಮವನ್ನೇ ಉಳಿಸಿಕೊಂಡಿದ್ದಾರೆ.